ಫ್ಲೋಬೇರನು ಗುರುತುಮಾಡಿದ ಪ್ರತಿ

ಪ್ಯಾರಿಸ್ ನಗರದ ಐತಿಹಾಸಿಕ ಗ್ರಂಥಾಲಯದಲ್ಲಿ ಗುಸ್ತಾವ್ ಫ್ಲೋಬೇರನ ‘ಮದಾಮ್ ಬೊವಾರಿ’ ಕಾದಂಬರಿಯ ಮೊದಲ ಮುದ್ರಣದ ಪ್ರತಿಯೊಂದಿದೆ. 1857ರ ಏಪ್ರಿಲಿನಲ್ಲಿ ಮಿಷೆಲ್ ಲೆವಿ ಎಂಬ ಪ್ರಕಾಶಕನು ಎರಡು ಸಂಪುಟಗಳಲ್ಲಿ, ಸಂಪುಟಕ್ಕೆ ಒಂದು ಫ್ರಾಂಕಿನಂತೆ ಮಾರಿದ ಅಗ್ಗದ ಪುಸ್ತಕವದು. ಅದಕ್ಕೆ ಮೊದಲು, 1856ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಕೃತಿಯು ‘ರೆವ್ಯೂ ದ ಪಾರಿ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತ್ತು. ಆಗ ಸಂಪಾದಕರು ಕತ್ತರಿಸಿದ ಭಾಗಗಳನ್ನು ಫ್ಲೋಬೇರನು ಈ ಪ್ರತಿಯಲ್ಲಿ ಸ್ವಹಸ್ತದಿಂದ ಗುರುತುಮಾಡಿದ್ದಾನೆ. ಇದರ ಬೆಲೆಯೆಲ್ಲ ಆ ಗುರುತುಗಳಲ್ಲಿದೆ.

ಕತ್ತರಿಗೆ ಸಿಕ್ಕಿದವುಗಳಲ್ಲಿ ಪ್ರಸಿದ್ಧವಾದುದು ಗಾಡಿಯ ಪ್ರಸಂಗ. ಹಳ್ಳಿಯ ವೈದ್ಯನ ಹೆಂಡತಿ ಎಮ್ಮಾ ತನ್ನ ಪ್ರಿಯನಾದ ಲೆಯೋನನೊಡನೆ ರೂವಾನ್ ನಗರದಲ್ಲಿ ಬಾಡಿಗೆಯ ಕುದುರೆಗಾಡಿಯನ್ನೇರುತ್ತಾಳೆ. ಪರದೆ ಎಳೆದ ಗಾಡಿಯು ಊರೆಲ್ಲ ಸುತ್ತುತ್ತದೆ. ನಮಗೆ ಕಾಣುವುದು ಬೀದಿಗಳು, ಬೇಸತ್ತ ಗಾಡಿಯವನು, ಬೆವರಿದ ಕುದುರೆಗಳು; ಒಮ್ಮೆ ಮಾತ್ರ ಬರಿಗೈಯೊಂದು ಹೊರಬಂದು ಹರಿದ ಕಾಗದದ ಚೂರುಗಳನ್ನು ಗಾಳಿಗೆ ತೂರುತ್ತದೆ. ಒಳಗೆ ನಡೆದುದರ ವರ್ಣನೆ ಒಂದಕ್ಷರವೂ ಇಲ್ಲ. ನಮ್ಮ ಆಲಂಕಾರಿಕರು ಧ್ವನಿಯೆಂದದ್ದು ಇದನ್ನೇ ಅಲ್ಲವೆ? ಸಂಪಾದಕರಲ್ಲೊಬ್ಬನಾದ ಮಾಕ್ಸಿಮ್ ದ್ಯು ಕಾಂ ಲೇಖಕನ ಹಳೆಯ ಗೆಳೆಯ, ಸ್ವತಃ ಸಾಹಿತಿ, ಆದರೂ ಹೀಗಾಯಿತು. (ಮಕ್ಕಳಿಗಾಗಿ ಕಥೆಗಳನ್ನು ಸಂಕ್ಷೇಪಿಸುವ ಉಪಾಧ್ಯಾಯರಾದ ನಾವೂ ಇಲ್ಲಿ ಸ್ವಲ್ಪ ನಿಂತು ಯೋಚಿಸಬಹುದು.) ಡಿಸೆಂಬರ್ 15ರ ಸಂಚಿಕೆಯಲ್ಲಿ ಫ್ಲೋಬೇರನು, ಇದನ್ನು ಬಿಡಿ ತುಣುಕುಗಳೆಂದು ತಿಳಿಯಬೇಕೇ ಹೊರತು ಇಡೀ ಕೃತಿಯೆಂದಲ್ಲವೆಂದು ಓದುಗರಿಗೆ ಅರಿಕೆಮಾಡಿಕೊಂಡನು.

ಇಷ್ಟಾದರೂ ಮೊಕದ್ದಮೆ ತಪ್ಪಲಿಲ್ಲ. 1857ರ ಜನವರಿ 29ರಂದು ಸರಕಾರದ ಪರವಾಗಿ ವಾದಿಸಿದ ಎರ್ನೆಸ್ಟ್ ಪಿನಾರನನ್ನು ಗೇಲಿಮಾಡುವುದು ವಾಡಿಕೆ. ನನಗಾದರೋ ಆತನು ಸಂಪಾದಕರಿಗಿಂತ ಒಳ್ಳೆಯ ಓದುಗನಾಗಿ ತೋರುತ್ತಾನೆ. ಎಮ್ಮಾಳನ್ನು ಖಂಡಿಸಬಲ್ಲ ಪಾತ್ರ ಇಲ್ಲಿ ಒಂದೂ ಇಲ್ಲವೆಂಬುದು ಆತನ ಆಕ್ಷೇಪ. ಮಾತು ನಿಜ. ಗಂಡ ಮಂದಬುದ್ಧಿಯವನು, ಪಾದ್ರಿಗೆ ಅವಳ ಸಂಕಟವೇ ತಿಳಿಯದು, ಔಷಧಿಯಂಗಡಿಯ ಒಮೇ ಬರಿಯ ವಾಚಾಳಿ. ಲೇಖಕನೂ ನಡುವೆ ಬಂದು ಬುದ್ಧಿ ಹೇಳುವುದಿಲ್ಲ. ಎಮ್ಮಾಳ ಮನಸ್ಸಿನ ಮಾತನ್ನು ‘ಎಂದುಕೊಂಡಳು’ ಎಂಬ ಗೊಡವೆಯಿಲ್ಲದೆ ಕಥನದಲ್ಲಿ ಬೆರೆಸುವ ರೀತಿ ಆಗ ಅಪರಿಚಿತ. ಅವಳ ಉಲ್ಲಾಸವನ್ನು ಪಿನಾರನು ಲೇಖಕನದೆಂದೇ ಬಗೆದನು. ತೀರ್ಮಾನ ತಪ್ಪಾದರೂ, ಕೃತಿಯಲ್ಲಿ ನ್ಯಾಯಾಧೀಶನ ಪೀಠ ಖಾಲಿಯಿದೆಯೆಂಬುದನ್ನು ಮೊದಲು ಕಂಡವನು ಆತನೇ.

ಫೆಬ್ರವರಿ 7ರಂದು ಬಿಡುಗಡೆಯಾಯಿತು. ಪುಸ್ತಕವನ್ನು ತನ್ನ ವಕೀಲ ಸೆನಾರನಿಗೆ ಅರ್ಪಿಸಲಾಗಿ, ಮೊದಲು ಅಚ್ಚಾದ ಪ್ರತಿಗಳಲ್ಲಿ ಆ ಹೆಸರಿನ ಕಡೆಯ ಅಕ್ಷರವೇ ತಪ್ಪಿಬಿದ್ದಿತು! ಫ್ರೆಂಚರ ಬಾಯಲ್ಲಿ ಆ ಅಕ್ಷರಕ್ಕೆ ಉಚ್ಚಾರವಿಲ್ಲ. ಸಂಗ್ರಾಹಕರಿಗೆ ಮಾತ್ರ ಅದೇ ಗುರುತು. 1873ರ ಮುದ್ರಣದಲ್ಲಿ ಪಿನಾರನ ವಾದ, ಸೆನಾರನ ಪ್ರತಿವಾದ, ತೀರ್ಪು ಮೂರೂ ಕಾದಂಬರಿಯ ಜೊತೆಗೇ ಅಚ್ಚಾದವು.