ಹುಡುಕುವ ಕೂಲಿ

ಜಮಖಂಡಿ, ಮುಧೋಳದ ಗ್ಯಾರೇಜು ಸಾಲಿನಲ್ಲಿ ಗಾಡಿಗಳ ವೈರಿಂಗ್ ಮಾಡುವ ಮಿಸ್ತ್ರಿಗಳ ಮುಖ್ಯ ಹತ್ಯಾರ ಒಂದು ಬಲ್ಬು. ಬ್ರೇಕ್ ಲೈಟಿನ 21 ವ್ಯಾಟಿನ ಬಲ್ಬಿಗೆ ಎರಡು ವೈರು ಬೆಸೆದು ತುದಿಗೆ ಕ್ಲಿಪ್ಪು ಹಾಕಿದರೆ ಅದು ತಯಾರು. ಕಾರಿನಲ್ಲಿ ಎಲ್ಲೋ ಶಾರ್ಟ್ ಆಗಿ ಫ್ಯೂಜು ಪದೇ ಪದೇ ಹಾರುತ್ತಿದ್ದರೆ, ಆ ಜಾಗ ಹುಡುಕಲು ಇದಕ್ಕಿಂತ ಸರಳವೂ ನಂಬಿಕಸ್ಥವೂ ಆದ ದಾರಿ ನನಗೆ ತಿಳಿದಿಲ್ಲ. ಈ ಹುಡುಕುವ ವಿದ್ಯೆಯ ಬಗ್ಗೆ ನನಗೆ ಗೌರವವಿದೆ. ತಕರಾರು ಇರುವುದು ಸಿಕ್ಕಿದ ಮೇಲೆ ನಡೆಯುವ ರಿಪೇರಿಯ ಬಗ್ಗೆ.

ಜಮಖಂಡಿಯಲ್ಲಿ ಕಂಡ ಒಂದು ಕ್ರೂಸರ್ ಗಾಡಿಯನ್ನೇ ತೆಗೆದುಕೊಳ್ಳೋಣ. ಸಂಜೆ ಪಾರ್ಕಿಂಗ್ ಲೈಟು ಹಾಕಿಕೊಂಡು ಹೊರಟರೆ ಒಂದೆರಡು ಸ್ಟಾಪು ದಾಟುವಷ್ಟರಲ್ಲಿ ಫ್ಯೂಜು ಹೋಗುತ್ತಿತ್ತು. ಮಿಸ್ತ್ರಿ ಸುಟ್ಟ ಫ್ಯೂಜನ್ನು ಕಿತ್ತು, ಅದು ಕೂರುತ್ತಿದ್ದ ಎರಡು ಟರ್ಮಿನಲ್ಲುಗಳಿಗೆ ಬಲ್ಬಿನ ಕ್ಲಿಪ್ಪು ಸಿಕ್ಕಿಸಿ ಸ್ವಿಚ್ ಒತ್ತಿದ. ಬಲ್ಬು ಮಂದವಾಗಿ ಉರಿಯಿತು. ಅಂದರೆ ಆ ಹೊತ್ತಿಗೆ ಶಾರ್ಟ್ ಇಲ್ಲ, ಕರೆಂಟು ಗಾಡಿಯ ಸಣ್ಣ ದೀಪಗಳ ಮೂಲಕವೇ ಹಾಯುತ್ತಿದೆ. ಡ್ಯಾಶ್‌ಬೋರ್ಡಿನ ಕೆಳಗಿನ ವೈರುಗಳನ್ನು ಹಿಡಿದು ಅಲುಗಿಸಿದ, ಬೆಳಕು ಬದಲಾಗಲಿಲ್ಲ. ಹಿಂದೆ ಹೋಗಿ ಬಾಗಿಲು ತೆಗೆದ. ಬಲ್ಬು ಝಗ್ಗನೆ ಪೂರ್ತಿ ಹೊತ್ತಿತು. ಮುಚ್ಚಿದರೆ ಮತ್ತೆ ಮಂದ. "ಇಲ್ಲೇ ಬಾಡಿಗಿ ಹತ್ತೈತಿ ನೋಡ್ರಿ" ಎಂದು ಕೀಲಿನ ಪಕ್ಕದ ರಬ್ಬರ್ ಕೊಳವೆ ಸರಿಸಿದ. ನಂಬರ್ ಪ್ಲೇಟಿನ ದೀಪಕ್ಕೆ ಹೋಗುವ ವೈರು ಬಾಗಿಲಿನ ಜೊತೆ ಬಾಗಿ ಬಾಗಿ ಸಿಪ್ಪೆ ಒಡೆದಿತ್ತು. ಬೆತ್ತಲೆಯಾದ ತಾಮ್ರ ತಗಡಿಗೆ ತಾಗುತ್ತಿತ್ತು.

ಈ ವಿಧಾನದ ಹೆಚ್ಚುಗಾರಿಕೆ ಏನೆಂದರೆ, ಶಾರ್ಟ್ ಇದ್ದಾಗಲೂ ಆ ಬಲ್ಬು ಎರಡು ಆಂಪಿಯರಿಗಿಂತ ಹೆಚ್ಚು ಕರೆಂಟು ಬಿಡುವುದಿಲ್ಲ. ವೈರು ಕಾಯುವುದಿಲ್ಲ, ಫ್ಯೂಜುಗಳು ದಂಡವಾಗುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ತಡಕಾಡಬಹುದು. ಗಾಡಿಯ ಹಿಂತುದಿಯಲ್ಲಿ ಕೈ ಇದ್ದರೂ ಮುಂದಿನ ಬೆಳಕು ಕಣ್ಣಿಗೆ ಬೀಳುತ್ತದೆ.

ಇಷ್ಟು ಚಂದದ ಹುಡುಕಾಟದ ಕೊನೆಗೆ ಆತ ಮಾಡಿದ್ದು ಒಡೆದ ಜಾಗಕ್ಕೆ ನಾಲ್ಕು ಸುತ್ತು ಟೇಪು. ಬಾಗಿಲು ನಾಳೆಯೂ ತೆರೆಯುತ್ತದೆ, ವೈರು ಅಲ್ಲೇ ಬಾಗುತ್ತದೆ, ಬೇಸಿಗೆಯ ಬಿಸಿಲಿಗೆ ಟೇಪಿನ ಅಂಟು ಜಾರುತ್ತದೆ. ಒಡೆದ ತುಂಡನ್ನು ಕತ್ತರಿಸಿ, ಅಷ್ಟೇ ದಪ್ಪದ ಮೆತ್ತನೆಯ ವೈರನ್ನು ಕೀಲಿನಿಂದ ದೂರದಲ್ಲಿ ಬೆಸೆದು, ಮೇಲೆ ಕಾಯಿಸಿದರೆ ಬಿಗಿಯುವ ತೋಳು ಹಾಕಿ, ಹೊಸ ರಬ್ಬರ್ ಕೊಳವೆಯೊಳಗೆ ಹಾಯಿಸಿದ್ದರೆ ಅದು ರಿಪೇರಿ.

ಟೇಪನ್ನಾದರೂ ಕ್ಷಮಿಸಬಹುದು. 15 ಆಂಪಿಯರಿನ ನೀಲಿ ಫ್ಯೂಜು ನಿಲ್ಲುತ್ತಿಲ್ಲ ಎಂದು 30ರ ಹಸಿರು ಫ್ಯೂಜು ಒತ್ತುವುದನ್ನು, ತಾಮ್ರದ ಎಳೆ ಸುತ್ತಿ ಕಳಿಸುವುದನ್ನು ಕ್ಷಮಿಸಲಾಗದು. ಮನೆ, ಅಂಗಡಿಗಳ ಹಳೆಯ ಕಿಟ್‌ಕ್ಯಾಟ್ ಫ್ಯೂಜಿಗೆ ಎಳೆ ಕಟ್ಟಿ ರೂಢಿಯಾದ ಕೈ ಕಾರಿನಲ್ಲೂ ಅದನ್ನೇ ಮಾಡುತ್ತದೆ. ರಬಕವಿ-ಬನಹಟ್ಟಿಯ ಮಗ್ಗದ ಶೆಡ್ಡುಗಳಲ್ಲಿ ಕರೆಂಟಿಗೆ ಎಲ್ಲರೂ ಅಂಜುತ್ತಾರೆ, ಮುಟ್ಟಿದರೆ ಜೀವಕ್ಕೇ ಸಂಚಕಾರ. ಕಾರಿನ 12 ವೋಲ್ಟು ಶಾಕ್ ಹೊಡೆಯುವುದಿಲ್ಲವಾದ್ದರಿಂದ ಅದಕ್ಕೆ ಯಾರೂ ಅಂಜುವುದಿಲ್ಲ. ಆದರೆ ಸೆಲ್ಫ್ ಹೊಡೆಯುವಾಗ ನೂರು ಆಂಪಿಯರಿಗೂ ಮಿಕ್ಕಿ ಕೊಡುವ ಬ್ಯಾಟರಿ, ಶಾರ್ಟ್ ಆದ ಸಣ್ಣ ವೈರನ್ನು ಕ್ಷಣದಲ್ಲಿ ಕೆಂಡ ಮಾಡಬಲ್ಲದು. ಫ್ಯೂಜು ಇರುವುದೇ ಆ ವೈರನ್ನು ಕಾಯಲು. 100 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬು ಹಾಕಿಸಿದರೆ 16 ಆಂಪಿಯರಿಗೂ ಹೆಚ್ಚು ಬೇಕು. ಬೇರೆ ರಿಲೇ, ದಪ್ಪ ವೈರು ಎಳೆಯದೆ ಫ್ಯೂಜು ಮಾತ್ರ ದೊಡ್ಡದು ಮಾಡಿದರೆ ಕಾಯುವವನನ್ನೇ ಹೊರಗಟ್ಟಿದಂತೆ.

ಈ ನೆಲದಲ್ಲಿ ಶಾರ್ಟಿಗೆ ಕಾರಣಗಳಿಗೆ ಬರವಿಲ್ಲ. ಕಬ್ಬು ಕಡಿದ ಮೇಲೆ ನೆಲೆ ತಪ್ಪಿದ ಇಲಿಗಳಿಗೆ ಹೊಲಮನೆಯ ಮುಂದೆ ನಿಂತ ಕಾರಿನ ಬೆಚ್ಚನೆಯ ಬಾನೆಟ್ ಆಸರೆ, ಅಲ್ಲಿನ ವೈರು ಹಲ್ಲಿಗೆ ಕೆಲಸ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿ ಊರೊಳಗೆ ಬಂದಾಗ ನೀರು ಹೊಕ್ಕ ಗಾಡಿಯ ಕತೆ ಇನ್ನೂ ಬೇರೆ. ಸೀಟು ಒಣಗುತ್ತದೆ, ಎಂಜಿನ್ನೂ ಶುರುವಾಗುತ್ತದೆ. ಕನೆಕ್ಟರಿನೊಳಗೆ ಕೂತ ರಾಡಿ ಮಾತ್ರ ಹಾಗೇ ಉಳಿದು ತಾಮ್ರಕ್ಕೆ ಹಸಿರು ಕಿಲುಬು ಹಿಡಿಸುತ್ತದೆ, ತಿಂಗಳುಗಳ ನಂತರ ತೊಂದರೆ ತೋರಿಸುತ್ತದೆ. ಅಂಥ ಗಾಡಿಯ ಒಂದೊಂದು ಕನೆಕ್ಟರನ್ನೂ ಬಿಚ್ಚಿ ತೊಳೆದು ಒಣಗಿಸಬೇಕು. ಅದು ದಿನಗಟ್ಟಲೆ ಕೆಲಸ.

ಆ ದಿನಗಳಿಗೆ ದುಡ್ಡು ಕೊಡುವವರು ಯಾರು? ಅರ್ಧ ದಿನ ಹುಡುಕಿದ ಮಿಸ್ತ್ರಿಗೆ ಗಿರಾಕಿ ಕೇಳುವುದು, "ಒಂದ್ ವೈರ್ ಜೋಡ್ಸಾಕ ಇಷ್ಟ್ಯಾಕಪಾ?" ಹೊಸ ಸಾಮಾನು ಹಾಕಿದರೆ ತಕರಾರಿಲ್ಲದೆ ಕೊಡುತ್ತಾನೆ. ಹಾಗಾಗಿ ಚೆನ್ನಾಗಿದ್ದ ಸ್ವಿಚ್ಚು ಬದಲಾಗುತ್ತದೆ, ಒಡೆದ ವೈರು ಉಳಿಯುತ್ತದೆ. ಈ ವಿಷಯದಲ್ಲಿ ನಾನು ಮಿಸ್ತ್ರಿಯ ಪಕ್ಷ. ಹುಡುಕುವುದಕ್ಕೆ ಇಷ್ಟು, ಸರಿಮಾಡುವುದಕ್ಕೆ ಇಷ್ಟು ಎಂದು ಕೆಲಸಕ್ಕೆ ಮೊದಲೇ ಬೇರೆ ಬೇರೆ ಮಾತಾಗಬೇಕು.

ಹೊಸ ಕಾರುಗಳಲ್ಲಿ ಬಲ್ಬಿಗೂ ಮಿತಿಯಿದೆ. ಏರ್‌ಬ್ಯಾಗಿನ ಹಳದಿ ಕನೆಕ್ಟರಿಗೆ, ಸೆನ್ಸರ್ ಮತ್ತು ಇಸಿಯು ವೈರುಗಳಿಗೆ ಅದನ್ನು ಚುಚ್ಚಲೇಬಾರದು. ಹಾಗೆಂದು ಬೀಳಗಿಯವರು ಪ್ರತಿ ಸಲ ಬಾಗಲಕೋಟೆಗೆ ಹೋಗಬೇಕಿಲ್ಲ. ಒಂದು ಮಲ್ಟಿಮೀಟರು, ಅದನ್ನು ಓದುವ ತಾಳ್ಮೆ ಇದ್ದರೆ ಬಹಳಷ್ಟು ಕೆಲಸ ಊರಲ್ಲೇ ಆಗುತ್ತದೆ. ನಿಲ್ಲಿಸಿ ಬೀಗ ಹಾಕಿದ ಕಾರು ಸಾಮಾನ್ಯವಾಗಿ 50 ಮಿಲಿಆಂಪಿಯರಿನೊಳಗೆ ಎಳೆಯಬೇಕು. 500 ಎಳೆದರೆ ದಿನಕ್ಕೆ 12 ಆಂಪಿಯರ್-ಅವರ್ ಖರ್ಚು, 35ರ ಬ್ಯಾಟರಿ ಮೂರನೆಯ ದಿನಕ್ಕೆ ಖಾಲಿ. ಆಗ ಫ್ಯೂಜು ಕೀಳದೆ, ಅದರ ಬೆನ್ನಿನ ಎರಡು ಚುಕ್ಕೆಗಳ ನಡುವೆ ಮಿಲಿವೋಲ್ಟು ಅಳೆಯುತ್ತ ಹೋದರೆ, ಸೊನ್ನೆ ಬಿಟ್ಟು ಬೇರೆ ಅಂಕಿ ತೋರಿಸಿದ ಫ್ಯೂಜಿನ ಹಿಂದೆ ಕರೆಂಟು ಹರಿಯುತ್ತಿದೆ. ಹುಡುಕಾಟವನ್ನು ಅಲ್ಲಿಂದ ಶುರು ಮಾಡಬಹುದು.