ನುಡಿಯೊಳಗಿನ ನಂಜು: ವಿಕ್ಟರ್ ಕ್ಲೆಂಪೆರರ್ ಅವರ ‘ಎಲ್.ಟಿ.ಐ.’ ಗ್ರಂಥದ ಅವಲೋಕನ

ಒಂದು ಜನಸಮುದಾಯವನ್ನು ಭೂಮಿಯ ಮೇಲಿನಿಂದ ಅಳಿಸಿಹಾಕುವ ಕಾರ್ಯ ಆಯುಧದಿಂದ ಮೊದಲಾಗುವುದಿಲ್ಲ. ಕೈ ಏಳುವುದಕ್ಕೆ ಮುನ್ನ ನಾಲಗೆ ಹೊರಳಿರುತ್ತದೆ; ನಾಲಗೆ ಹೊರಳುವುದಕ್ಕೆ ಮುನ್ನ ಶಬ್ದಗಳ ಅರ್ಥ ಕೆಟ್ಟಿರುತ್ತದೆ. ಈ ಮಾತನ್ನು ನೀತಿವಾಕ್ಯವಾಗಿ ಹೇಳುವುದು ಸುಲಭ. ಪ್ರಮಾಣಸಹಿತವಾಗಿ ತೋರಿಸಿಕೊಡುವುದು ಕಷ್ಟ. ಆ ಕಷ್ಟದ ಕೆಲಸವನ್ನು ಜೀವವನ್ನೇ ಪಣವಾಗಿಟ್ಟು ಮಾಡಿದ ಗ್ರಂಥವೊಂದು ಜರ್ಮನ್ ಭಾಷೆಯಲ್ಲಿದೆ. 1947ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟವಾದ ಆ ಗ್ರಂಥದ ಹೆಸರು ‘ಎಲ್.ಟಿ.ಐ.: ಭಾಷಾಶಾಸ್ತ್ರಜ್ಞನೊಬ್ಬನ ಟಿಪ್ಪಣಿ ಪುಸ್ತಕ’. ಗ್ರಂಥಕರ್ತರು ವಿಕ್ಟರ್ ಕ್ಲೆಂಪೆರರ್.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಜರ್ಮನಿಯಲ್ಲಿದ್ದ ಯೆಹೂದಿಗಳ ಸಂಖ್ಯೆ ಸುಮಾರು 5 ಲಕ್ಷ. ಒಟ್ಟು ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ. ಈ ಅಲ್ಪಸಂಖ್ಯಾತರನ್ನು ದೇಶದ ಸಕಲ ವಿಪತ್ತುಗಳಿಗೂ ಕಾರಣರೆಂದು ಸಾರಲಾಯಿತು. ಹನ್ನೆರಡು ವರ್ಷಗಳ ಆಳ್ವಿಕೆ ಮುಗಿಯುವಷ್ಟರಲ್ಲಿ ಯುರೋಪಿನ ಸುಮಾರು 60 ಲಕ್ಷ ಯೆಹೂದಿಗಳು ಹತರಾಗಿದ್ದರು. ಗಯಟೆ, ಬೀಥೋವನ್, ಕಾಂಟ್ ಮೊದಲಾದ ಮಹನೀಯರನ್ನು ಜಗತ್ತಿಗಿತ್ತ ವಿದ್ಯಾವಂತ ನಾಡು ಈ ಘೋರಕ್ಕೆ ಹೇಗೆ ಒಡಂಬಟ್ಟಿತು? ಚರಿತ್ರಕಾರರು ಈ ಪ್ರಶ್ನೆಗೆ ಯುದ್ಧದ ಸೋಲು, ಹಣದ ಬಿಕ್ಕಟ್ಟು, ಪುರಾತನ ಮತದ್ವೇಷ ಮೊದಲಾದ ಕಾರಣಗಳನ್ನು ಕೊಟ್ಟಿದ್ದಾರೆ. ಕ್ಲೆಂಪೆರರ್ ಅವರು ಕೊಡುವ ಉತ್ತರ ಬೇರೆ. ಜನರು ಪ್ರತಿದಿನವೂ ಆಡಿದ ಮಾತೇ ಅವರನ್ನು ಒಡಂಬಡಿಸಿತು ಎಂಬುದು ಅವರ ಸಿದ್ಧಾಂತ.

ಗ್ರಂಥಕರ್ತರ ಬಾಳು

ಗ್ರಂಥದ ಬೆಲೆಯನ್ನು ಅರಿಯಬೇಕಾದರೆ ಗ್ರಂಥಕರ್ತರ ಬಾಳನ್ನು ಸ್ವಲ್ಪ ಅರಿಯಬೇಕು. ಕ್ಲೆಂಪೆರರ್ ಅವರು 1881ರಲ್ಲಿ ಯೆಹೂದಿ ಧರ್ಮಗುರುವೊಬ್ಬರ ಮಗನಾಗಿ ಹುಟ್ಟಿದರು. ಮುಂದೆ ಪ್ರಾಟೆಸ್ಟೆಂಟ್ ಕ್ರೈಸ್ತಮತವನ್ನು ಸ್ವೀಕರಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ತಾವಾಗಿ ಸೈನ್ಯ ಸೇರಿ ಜರ್ಮನಿಗಾಗಿ ಹೋರಾಡಿದರು. 1920ರಿಂದ ಡ್ರೆಸ್ಡೆನ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಫ್ರೆಂಚ್ ಮೊದಲಾದ ಭಾಷೆಗಳ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದರು. ಅವರು ತಮ್ಮನ್ನು ಜರ್ಮನನೆಂದೇ ತಿಳಿದಿದ್ದರು. ಸರಕಾರ ಅವರನ್ನು ಯೆಹೂದಿ ಎಂದಿತು. 1935ರಲ್ಲಿ ಕೆಲಸ ಹೋಯಿತು. ಬಳಿಕ ಗ್ರಂಥಾಲಯದ ಬಾಗಿಲು ಮುಚ್ಚಿತು. ಕಟ್ಟಿಸಿಕೊಂಡಿದ್ದ ಮನೆಯನ್ನು ಬಿಟ್ಟು 1940ರಲ್ಲಿ ‘ಯೆಹೂದಿ ಮನೆ’ ಎಂದು ಹೆಸರಿಟ್ಟ ಕಟ್ಟಡದ ಇಕ್ಕಟ್ಟಿಗೆ ಹೋಗಬೇಕಾಯಿತು. ಬೆರಳಚ್ಚು ಯಂತ್ರವನ್ನು ಕಸಿದುಕೊಂಡರು. ಯೆಹೂದಿಗಳು ಪ್ರಾಣಿಗಳನ್ನು ಸಾಕಬಾರದೆಂಬ ಆಜ್ಞೆ ಬಂದು, 1942ರಲ್ಲಿ ಮನೆಯ ಬೆಕ್ಕನ್ನೂ ಕೊಲ್ಲಿಸಬೇಕಾಯಿತು.

ಅವರ ಪತ್ನಿ ಏವಾ ಯೆಹೂದಿಯಲ್ಲ. ಗಂಡನನ್ನು ಬಿಟ್ಟುಬಿಡೆಂದು ಎಷ್ಟು ಒತ್ತಡ ಬಂದರೂ ಆ ಸಾಧ್ವಿ ಬಿಡಲಿಲ್ಲ. ಆ ಒಂದು ನಿಷ್ಠೆಯೇ ಅವರ ಜೀವವನ್ನು ಕಾಯಿತು. ಕ್ಲೆಂಪೆರರ್ ಅವರು ಗುಟ್ಟಾಗಿ ಬರೆಯುತ್ತಿದ್ದ ದಿನಚರಿಯ ಹಾಳೆಗಳನ್ನು ಏವಾ ಅವರೇ ಪಿರ್ನಾ ಎಂಬ ಊರಿನ ವೈದ್ಯೆಯೊಬ್ಬರ ಬಳಿಗೆ ಒಯ್ದು ಬಚ್ಚಿಡುತ್ತಿದ್ದರು. ಹಾಳೆಗಳು ಸಿಕ್ಕಿಬಿದ್ದಿದ್ದರೆ ಮೂವರಿಗೂ ಮರಣವೇ ಗತಿ. 1945ರ ಫೆಬ್ರವರಿ 13ರಂದು, ಡ್ರೆಸ್ಡೆನ್ನಿನಲ್ಲಿ ಉಳಿದಿದ್ದ ಕೆಲವೇ ಯೆಹೂದಿಗಳನ್ನು ಸಾಗಿಸುವ ಆಜ್ಞಾಪತ್ರಗಳನ್ನು ಹಂಚುವ ಕೆಲಸ ಸ್ವತಃ ಕ್ಲೆಂಪೆರರ್ ಅವರ ಪಾಲಿಗೆ ಬಂತು. ಅದೇ ರಾತ್ರಿ ನಗರದ ಮೇಲೆ ಬಾಂಬಿನ ಮಳೆ ಸುರಿಯಿತು. ಆ ಗಲಿಬಿಲಿಯಲ್ಲಿ ಅವರು ಎದೆಯ ಮೇಲಿನ ಹಳದಿ ನಕ್ಷತ್ರವನ್ನು ಕಿತ್ತುಹಾಕಿ, ಪತ್ನಿಯೊಡನೆ ದಕ್ಷಿಣಕ್ಕೆ ಪಲಾಯನ ಮಾಡಿದರು. ಗ್ರಂಥವನ್ನು ಏವಾ ಅವರಿಗೇ ಅರ್ಪಿಸಿದ್ದಾರೆ. ಇದು ಕೇವಲ ಶಿಷ್ಟಾಚಾರದ ಅರ್ಪಣೆಯಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಶಬ್ದಗಳ ಪರೀಕ್ಷೆ

‘ಎಲ್.ಟಿ.ಐ.’ ಎಂಬುದು ‘ಮೂರನೆಯ ಸಾಮ್ರಾಜ್ಯದ ಭಾಷೆ’ ಎಂಬರ್ಥದ ಲ್ಯಾಟಿನ್ ಪದಗಳ ಮೊದಲಕ್ಷರ. ನಾತ್ಸಿಗಳಿಗೆ ಇಂಥ ಮೊದಲಕ್ಷರಗಳ ಹುಚ್ಚು ಬಹಳ. ಅದನ್ನೇ ಅಣಕಿಸಿ ಇಟ್ಟ ಹೆಸರಿದು. ದಿನಚರಿಯಲ್ಲಿ ಗುಪ್ತಸಂಕೇತವಾಗಿಯೂ ಒದಗಿತು. ಓದಲು ಪುಸ್ತಕವಿಲ್ಲದ ವಿದ್ವಾಂಸರು ಪತ್ರಿಕೆಯ ಚೂರು, ರಸ್ತೆಯ ಭಿತ್ತಿಪತ್ರ, ಕಾರ್ಖಾನೆಯ ಹರಟೆ, ಪೋಲೀಸರ ಬೈಗುಳ ಇವನ್ನೇ ಪಾಠ್ಯಗ್ರಂಥಗಳನ್ನಾಗಿ ಮಾಡಿಕೊಂಡರು. ಹಗ್ಗದ ಮೇಲೆ ನಡೆಯುವವನ ಕೈಯ ಕೋಲಿನಂತೆ ಈ ಅಧ್ಯಯನ ತಮ್ಮನ್ನು ಬೀಳದಂತೆ ಹಿಡಿಯಿತೆಂದು ಅವರು ಹೇಳಿಕೊಂಡಿದ್ದಾರೆ.

ಒಂದು ಉದಾಹರಣೆಯನ್ನು ನೋಡೋಣ. ಹದಿನೆಂಟನೆಯ ಶತಮಾನದ ಫ್ರೆಂಚ್ ಚಿಂತಕರಿಗೆ ‘ಮತಾಂಧ’ ಎಂಬುದು ನಿಂದೆಯ ಶಬ್ದ. ನಮಗೂ ಹಾಗೆಯೇ. ನಾತ್ಸಿಗಳ ಬಾಯಲ್ಲಿ ಅದು ಹೊಗಳಿಕೆಯಾಯಿತು. ಅಂಧಶ್ರದ್ಧೆಯೇ ದೇಶಭಕ್ತನ ಲಕ್ಷಣವೆಂದು ದಿನಕ್ಕೆ ನೂರು ಸಲ ಕೇಳಿ ಕೇಳಿ ಜನರು ಒಪ್ಪಿಕೊಂಡರು. ಕೊನೆಗೆ, 1944ರಲ್ಲಿ ಸೋಲು ಬಾಗಿಲಿಗೆ ಬಂದಾಗ, ಗೊಬೆಲ್ಸ್ ಆ ಶಬ್ದಕ್ಕೆ ‘ಕಾಡು’ ಎಂಬ ವಿಶೇಷಣವನ್ನು ಹಚ್ಚಬೇಕಾಯಿತು. ಬಳಸಿ ಬಳಸಿ ಸವೆದ ಶಬ್ದಕ್ಕೆ ಊರುಗೋಲು ಬೇಕಾಯಿತೆಂದರ್ಥ.

ಇನ್ನೊಂದು ಉದಾಹರಣೆ ಶಬ್ದದ್ದೂ ಅಲ್ಲ, ಬರಿಯ ಉದ್ಧರಣ ಚಿಹ್ನೆಯದು. ಐನ್‌ಸ್ಟೈನ್ ಅವರನ್ನು ಸಂಶೋಧಕರೆಂದು ಬರೆಯುವಾಗ ಆ ಪದಕ್ಕೆ ವ್ಯಂಗ್ಯದ ಉದ್ಧರಣ ಚಿಹ್ನೆ; ಹೈನೆಯನ್ನು ಜರ್ಮನ್ ಕವಿ ಎನ್ನುವಾಗ ‘ಜರ್ಮನ್’ ಎಂಬುದಕ್ಕೆ ಅದೇ ಚಿಹ್ನೆ. ವಾದವಿಲ್ಲ, ಪ್ರಮಾಣವಿಲ್ಲ, ಎರಡು ಗೀಟುಗಳಿಂದ ಒಬ್ಬ ಮನುಷ್ಯನ ಸಮಸ್ತ ಸಾಧನೆಯೂ ಸುಳ್ಳಾಯಿತು! ಹಾಗೆಯೇ ಬಹುವಚನ ಹೋಗಿ ಏಕವಚನ ಬಂತು. ಬಗೆಬಗೆಯ ಸ್ವಭಾವದ, ಬಗೆಬಗೆಯ ವೃತ್ತಿಯ ಯೆಹೂದಿಗಳು ಮಾಯವಾಗಿ ‘ಯೆಹೂದಿ’ ಎಂಬ ಒಂದೇ ಭೂತ ಉಳಿಯಿತು. ಭೂತವನ್ನು ಹೊಡೆಯಲು ಯಾರ ಮನಸ್ಸೂ ಅಳುಕುವುದಿಲ್ಲ. ಈ ಬಗೆಯ ಶಬ್ದಗಳನ್ನು ಗ್ರಂಥಕರ್ತರು ಕಿರಿದಾದ ಪಾಷಾಣದ ಗುಳಿಗೆಗಳಿಗೆ ಹೋಲಿಸುತ್ತಾರೆ. ನುಂಗಿದವನಿಗೆ ಏನೂ ಆಗದಂತೆಯೇ ತೋರುತ್ತದೆ. ಕಾಲಕ್ರಮದಲ್ಲಿ ವಿಷ ಮೈಗೇರಿರುತ್ತದೆ.

ಈ ಸಂದರ್ಭದಲ್ಲಿ ಭಾರತೀಯ ವಾಚಕರ ಮನಸ್ಸಿಗೆ ವಿಶೇಷವಾಗಿ ತಟ್ಟುವುದು ‘ಆರ್ಯ’ ಶಬ್ದದ ದುರ್ಗತಿ. ಅದು ಸಂಸ್ಕೃತದ ಗೌರವವಾಚಕ. ನಮ್ಮ ವ್ಯಾಕರಣ ಪುಸ್ತಕಗಳು ಅದಕ್ಕೆ ‘ಅಜ್ಜ’ ಎಂಬ ತದ್ಭವವನ್ನು ಕೊಡುತ್ತವೆ. ಯುರೋಪಿನ ಭಾಷಾಪಂಡಿತರು ಅದನ್ನೊಯ್ದು ಒಂದು ಭಾಷಾವರ್ಗದ ಹೆಸರಾಗಿ ಬಳಸಿದರು. ಬೇರೆಯವರು ಅದನ್ನು ರಕ್ತದ ಹೆಸರಾಗಿ ಮಾಡಿದರು. ಋಗ್ವೇದವನ್ನು ಅಚ್ಚು ಹಾಕಿಸಿದ ಮ್ಯಾಕ್ಸ್ ಮುಲ್ಲರ್ ಅವರೇ 1888ರಲ್ಲಿ ಇದನ್ನು ಖಂಡಿಸಿ, ಭಾಷೆಗೆ ರಕ್ತವನ್ನು ಅಂಟಿಸುವುದು ಶಾಸ್ತ್ರಕ್ಕೆ ವಿರುದ್ಧವೆಂದು ಎಚ್ಚರಿಸಿದರು. ಯಾರು ಕೇಳಿದರು? ‘ಸೆಮಿಟಿಕ್’ ಎಂಬುದು ಹೀಬ್ರೂ, ಅರಬ್ಬಿ ಮೊದಲಾದ ಭಾಷೆಗಳ ವರ್ಗನಾಮ. 1879ರ ಸುಮಾರಿಗೆ ವಿಲ್‌ಹೆಲ್ಮ್ ಮಾರ್ ಎಂಬ ಪತ್ರಕರ್ತ ಅದರಿಂದ ಯೆಹೂದಿದ್ವೇಷಕ್ಕೆ ‘ಸೆಮಿಟಿಕ್ ವಿರೋಧ’ ಎಂಬ ಶಾಸ್ತ್ರೀಯ ಹೆಸರನ್ನು ಪ್ರಚಾರಕ್ಕೆ ತಂದ. ಹಳೆಯ ಹಗೆಗೆ ಹೊಸ ಅಂಗಿ ತೊಡಿಸಿದಂತಾಯಿತು. 1933ರ ಏಪ್ರಿಲ್ ತಿಂಗಳ ಸರಕಾರಿ ನಿಯಮದಂತೆ, ಅಜ್ಜ ಅಜ್ಜಿಯರಲ್ಲಿ ಒಬ್ಬರು ಯೆಹೂದಿಯಾಗಿದ್ದರೂ ಸಾಕು, ನೌಕರನು ‘ಆರ್ಯೇತರ’ನಾಗಿ ಕೆಲಸ ಕಳೆದುಕೊಳ್ಳಬೇಕು. ಕನ್ನಡದಲ್ಲಿ ಅಜ್ಜನನ್ನು ಅಕ್ಕರೆಯಿಂದ ಕರೆಯುವ ಶಬ್ದದ ಮೂಲವೇ ಅಲ್ಲಿ ಅಜ್ಜನ ರಕ್ತವನ್ನು ಜಾಲಿಸುವ ಜರಡಿಯಾಯಿತು.

ಹೆಸರನ್ನೂ ಬಿಡಲಿಲ್ಲ. 1939ರ ಜನವರಿಯಿಂದ ಬಹುಪಾಲು ಯೆಹೂದಿ ಪುರುಷರು ‘ಇಸ್ರೇಲ್’ ಎಂದೂ, ಸ್ತ್ರೀಯರು ‘ಸಾರಾ’ ಎಂದೂ ಹೆಸರಿಗೆ ಸೇರಿಸಿಕೊಳ್ಳಬೇಕಾಯಿತು. 1941ರ ಸೆಪ್ಟೆಂಬರ್ 19ರಿಂದ ಎದೆಯ ಮೇಲೆ ಹಳದಿ ನಕ್ಷತ್ರ ಬಂತು. ಹನ್ನೆರಡು ವರ್ಷಗಳಲ್ಲಿ ಅತ್ಯಂತ ಕಠಿನವಾದ ದಿನ ಅದೇ ಎಂದು ಕ್ಲೆಂಪೆರರ್ ಅವರು ನಿಸ್ಸಂದೇಹವಾಗಿ ನುಡಿಯುತ್ತಾರೆ. ಅಂದಿನಿಂದ ಮನುಷ್ಯನೇ ತನ್ನ ಮೇಲಿನ ನಿಂದೆಯ ಫಲಕವನ್ನು ಹೊತ್ತು ತಿರುಗಬೇಕಾಯಿತು.

ಸೇಬಿನ ಪ್ರಸಂಗ

ಗ್ರಂಥದ ಹೃದಯವಿರುವುದು ನಮ್ಮ ದೃಷ್ಟಿಯಲ್ಲಿ ಒಂದು ಚಿಕ್ಕ ಪ್ರಸಂಗದಲ್ಲಿ. ಕ್ಲೆಂಪೆರರ್ ಅವರು ಲಕೋಟೆ ತಯಾರಿಸುವ ಕಾರ್ಖಾನೆಯಲ್ಲಿ ಬಲವಂತದ ದುಡಿಮೆ ಮಾಡುತ್ತಿದ್ದಾಗ ಫ್ರೀಡಾ ಎಂಬ ಕೆಲಸಗಾರ್ತಿಯ ಪರಿಚಯವಾಯಿತು. ಆಕೆ ನಾತ್ಸಿಯಲ್ಲ. ಯೆಹೂದಿಗಳೊಡನೆ ಮಾತನಾಡಕೂಡದೆಂಬ ನಿಷೇಧವನ್ನು ಲೆಕ್ಕಿಸದೆ ಅವರ ಕಾಯಿಲೆಯ ಪತ್ನಿಯನ್ನು ವಿಚಾರಿಸುತ್ತಿದ್ದಳು. ಒಂದು ದಿನ, ಆ ತುಟ್ಟಿಯ ಕಾಲದಲ್ಲಿ, ಪತ್ನಿಗೆಂದು ಒಂದು ಸೇಬನ್ನು ತಂದುಕೊಟ್ಟಳು. ಕೊಟ್ಟು, ನಿಮ್ಮ ಹೆಂಡತಿ ಜರ್ಮನಳಂತೆ, ನಿಜವೇ ಎಂದು ಕುತೂಹಲದಿಂದ ಕೇಳಿದಳು. ಕ್ಲೆಂಪೆರರ್ ಅವರ ಕೈಯಲ್ಲಿದ್ದ ಸೇಬಿನ ಸಂತೋಷವೆಲ್ಲ ಒಂದು ಕ್ಷಣದಲ್ಲಿ ಆರಿಹೋಯಿತು. ಜರ್ಮನಿಯಲ್ಲಿಯೇ ಹುಟ್ಟಿ, ಆ ದೇಶಕ್ಕಾಗಿ ಹೋರಾಡಿ, ಅದರ ಭಾಷೆಯನ್ನೇ ಉಸಿರಾಗಿಸಿಕೊಂಡ ಮನುಷ್ಯ ಅವಳ ಮಟ್ಟಿಗೆ ಜರ್ಮನನೇ ಅಲ್ಲ! ಕೈಯಲ್ಲಿ ದಯೆಯಿದೆ, ನಾಲಗೆಯಲ್ಲಿ ನಂಜಿದೆ; ತನ್ನ ನಾಲಗೆಯಲ್ಲಿ ನಂಜಿದೆಯೆಂಬ ಅರಿವು ಮಾತ್ರ ಆ ಒಳ್ಳೆಯ ಹೆಂಗಸಿಗಿಲ್ಲ.

ದುಷ್ಟರ ಮಾತಿನಲ್ಲಿ ವಿಷವಿರುವುದು ಆಶ್ಚರ್ಯವಲ್ಲ. ಸಜ್ಜನರ ಮಾತಿನಲ್ಲಿ ಅದು ಸೇರಿದಾಗಲೇ ಸಮಾಜ ಸೋಲುತ್ತದೆ. ಅದು ಪೀಡಿತರನ್ನೂ ಬಿಡಲಿಲ್ಲ. ಅದೇ ಕಾರ್ಖಾನೆಯ ಯೆಹೂದಿ ವೈದ್ಯನೊಬ್ಬ ತನ್ನ ಜೊತೆಯವರನ್ನು ನಾತ್ಸಿಗಳ ಧಾಟಿಯಲ್ಲಿಯೇ ಕರೆಯುತ್ತಿದ್ದನೆಂದು ಗ್ರಂಥಕರ್ತರು ನೋವಿನಿಂದ ದಾಖಲಿಸುತ್ತಾರೆ. ಗೆದ್ದವನ ಭಾಷೆಯನ್ನು ಸೋತವನೂ ಆಡತೊಡಗಿದರೆ ಸೋಲು ಸಂಪೂರ್ಣವಾದಂತೆಯೇ.

ಕೆಲವು ಆಕ್ಷೇಪಗಳು

ಇಷ್ಟು ಹೇಳಿದ ಮೇಲೆ ಗ್ರಂಥದ ಕೊರತೆಗಳನ್ನು ಮರೆಮಾಚುವುದು ವಿಮರ್ಶೆಗೆ ಒಪ್ಪುವ ಮಾತಲ್ಲ. ಮೊದಲನೆಯದಾಗಿ, ನಾತ್ಸಿಗಳ ಜನಾಂಗವಾದದ ಬೇರನ್ನು ಕ್ಲೆಂಪೆರರ್ ಅವರು ಜರ್ಮನ್ ರಮ್ಯಪಂಥದ ಸಾಹಿತ್ಯದಲ್ಲಿ ಅರಸುತ್ತಾರೆ. ಅದರಲ್ಲಿ ಸತ್ಯಾಂಶವಿದ್ದರೂ ಸತ್ಯವೆಲ್ಲ ಅಲ್ಲ. ಯೆಹೂದಿದ್ವೇಷ ಯುರೋಪಿನ ಅನೇಕ ದೇಶಗಳಲ್ಲಿ ಶತಮಾನಗಳಿಂದ ಬೆಳೆದದ್ದು. ಎರಡನೆಯದಾಗಿ, ಯೆಹೂದಿಗಳಿಗೆ ಸ್ವಂತ ನಾಡೊಂದು ಬೇಕೆಂದು ವಾದಿಸಿದ ಹರ್ಟ್ಸಲ್ ಅವರ ಶೈಲಿಯನ್ನು ಹಿಟ್ಲರನ ಶೈಲಿಯೊಡನೆ ಹೋಲಿಸುವ ಅಧ್ಯಾಯ ನ್ಯಾಯವಾಗಿ ತೋರುವುದಿಲ್ಲ. ಆಶ್ರಯವನ್ನು ಅರಸುವವನ ಆವೇಶವೂ ಅಟ್ಟುವವನ ಆವೇಶವೂ ಕಿವಿಗೆ ಒಂದೇ ಬಗೆಯಾಗಿ ಕೇಳಿಸಬಹುದು; ಒಂದೇ ಆಗಲಾರವು.

ಮೂರನೆಯದು ಹೆಚ್ಚು ಗಂಭೀರವಾದ ಪ್ರಶ್ನೆ. ಮಾತು ಮಾತ್ರವೇ ಕೊಂದಿತೆ? 1935ರ ನ್ಯೂರೆಂಬರ್ಗ್ ಕಾನೂನುಗಳು, 1938ರ ನವೆಂಬರಿನಲ್ಲಿ ಪ್ರಾರ್ಥನಾ ಮಂದಿರಗಳಿಗೆ ಬಿದ್ದ ಬೆಂಕಿ, ಜನಗಣತಿಯ ಪಟ್ಟಿಗಳು, ಮರಣಶಿಬಿರಗಳಿಗೆ ಓಡಿದ ರೈಲುಗಳು, ನೆರೆಯವರ ಮೌನ: ಇವೆಲ್ಲ ಕೂಡಿಯೇ ಆ ಘೋರವಾಯಿತು. ಇದನ್ನು ಗ್ರಂಥಕರ್ತರು ಅಲ್ಲಗಳೆಯುವುದಿಲ್ಲ. ಆದರೆ ಓದುಗರು ಮರೆಯುವ ಸಂಭವವಿದೆ. ಆದರೂ ಪಟ್ಟಿ ಬರೆದ ಗುಮಾಸ್ತನಿಗೂ, ರೈಲು ನಡೆಸಿದ ನೌಕರನಿಗೂ ರಾತ್ರಿ ನಿದ್ರೆ ಬರಬೇಕಿತ್ತು. ಕೊಲೆಗೆ ಸಾಗಿಸುವುದನ್ನು ‘ಸ್ಥಳಾಂತರ’ ಎಂದು ಬರೆದಾಗ ನಿದ್ರೆ ಬಂತು. ಮಾತಿನ ಪಾಲು ಅಷ್ಟಿದೆ, ಅದು ಕಡಿಮೆಯಲ್ಲ.

ಕೊನೆಯದಾಗಿ, ಯುದ್ಧಾನಂತರ ಕ್ಲೆಂಪೆರರ್ ಅವರು ಪೂರ್ವ ಜರ್ಮನಿಯಲ್ಲಿ ನೆಲೆಸಿ, ಪ್ರತಿಷ್ಠಿತರಾಗಿ ಬಾಳಿ 1960ರಲ್ಲಿ ತೀರಿಕೊಂಡರು. ಆ ಹೊಸ ಸರಕಾರದ ಭಾಷೆಯಲ್ಲಿಯೂ ಹಳೆಯ ಜಾಡ್ಯ ಇಣುಕುತ್ತಿದೆಯೆಂದು ತಮ್ಮ ಖಾಸಗಿ ದಿನಚರಿಯಲ್ಲಿ ಬರೆದುಕೊಂಡರು. ಬಹಿರಂಗವಾಗಿ ಅದರ ಮೇಲೊಂದು ಗ್ರಂಥ ಬರೆಯಲಿಲ್ಲ. ಅನ್ಯರ ನುಡಿಯ ನಂಜನ್ನು ತೋರಿಸುವುದಕ್ಕಿಂತ ತನ್ನವರ ನುಡಿಯ ನಂಜನ್ನು ತೋರಿಸುವುದು ಎಷ್ಟು ಕಷ್ಟವೆಂಬುದಕ್ಕೆ ಅವರ ಬಾಳೂ ಸಾಕ್ಷಿಯಾಗಿದೆ. ಇದನ್ನು ದೂಷಣೆಗಾಗಿ ಹೇಳುತ್ತಿಲ್ಲ. ಅವರು ಪಟ್ಟ ಪಾಡಿನ ಹತ್ತರಲ್ಲೊಂದು ಪಾಲನ್ನೂ ಪಡದ ನಮಗೆ ಆ ಅಧಿಕಾರವಿಲ್ಲ.

ಉಪಸಂಹಾರ

ಗ್ರಂಥದ ಕೊನೆಯ ಪ್ರಸಂಗ ಮನನೀಯವಾದುದು. ಯುದ್ಧ ಮುಗಿದಾಗ ಬವೇರಿಯಾದ ಹಳ್ಳಿಯೊಂದರಲ್ಲಿ ಬರ್ಲಿನ್ನಿನ ಶ್ರಮಿಕ ಹೆಂಗಸೊಬ್ಬಳು ಸಿಕ್ಕಿ, ತಾನು ಒಂದು ವರ್ಷ ಸೆರೆಯಲ್ಲಿದ್ದೆನೆಂದಳು. ಕಾರಣ ಕೇಳಿದಾಗ, ಆಡಿದ ಕೆಲವು ಮಾತುಗಳಿಗಾಗಿ ಎಂದಳು. ಅವಳು ಹಿಟ್ಲರನನ್ನು ಹೀಗಳೆದಿದ್ದಳು. ಟಿಪ್ಪಣಿಗಳನ್ನು ಗ್ರಂಥವಾಗಿಸಬೇಕೆಂದು ಕ್ಲೆಂಪೆರರ್ ಅವರು ನಿಶ್ಚಯಿಸಿದ್ದು ಆ ಸರಳವಾದ ಉತ್ತರವನ್ನು ಕೇಳಿದ ಮೇಲೆ. ಮಾತಿಗೆ ಬೆಲೆಯಿಲ್ಲದಿದ್ದರೆ ಸರಕಾರ ಒಂದು ಬಡ ಹೆಂಗಸಿನ ಮಾತಿಗೆ ಅಷ್ಟು ಹೆದರುತ್ತಿತ್ತೆ?

ಹೀಗೆ ಗ್ರಂಥದಲ್ಲಿ ಇಬ್ಬರು ಶ್ರಮಿಕ ಸ್ತ್ರೀಯರಿದ್ದಾರೆ. ಒಬ್ಬಳು ಎಲ್ಲರೂ ಆಡುವ ಮಾತನ್ನೇ ಆಡಿ, ತನಗರಿವಿಲ್ಲದೆ ನೋಯಿಸಿದಳು. ಇನ್ನೊಬ್ಬಳು ಯಾರೂ ಆಡದ ಮಾತನ್ನಾಡಿ ಸೆರೆಗೆ ಹೋದಳು. ಈ ಇಬ್ಬರ ನಡುವೆ ಎಲ್ಲಿಯೋ ನಾವೆಲ್ಲರೂ ಇದ್ದೇವೆ. ಸೆರೆಗೆ ಹೋಗುವ ಧೈರ್ಯ ಎಲ್ಲರಿಗೂ ಇರಲಾರದು. ಆದರೆ ಒಂದು ಸಮುದಾಯದ ಜನರನ್ನೆಲ್ಲ ಒಂದೇ ಏಕವಚನದಲ್ಲಿ ಕಟ್ಟಿ ಎಸೆಯುವ ಮಾತು ಬಾಯಿಗೆ ಬಂದಾಗ ಒಂದು ಕ್ಷಣ ತಡೆದು, ಇದು ಯಾರು ನನ್ನ ಬಾಯಲ್ಲಿಟ್ಟ ಮಾತು ಎಂದು ಕೇಳಿಕೊಳ್ಳುವಷ್ಟು ಎಚ್ಚರ ಯಾರಿಗೂ ಅಸಾಧ್ಯವಲ್ಲ. 1995ರಲ್ಲಿ ದಿನಚರಿಗಳೂ ಪ್ರಕಟವಾಗಿವೆ, ‘ಎಲ್.ಟಿ.ಐ.’ ಇಂಗ್ಲಿಷಿನಲ್ಲಿಯೂ ದೊರೆಯುತ್ತದೆ. ಅವಕಾಶವುಳ್ಳವರು ಓದಬೇಕು. ಓದಿದ ಮೇಲೆ ಸುತ್ತಲಿನ ಮಾತನ್ನು, ಅದಕ್ಕಿಂತ ಮೊದಲು ತಮ್ಮ ಮಾತನ್ನು, ಹೊಸ ಕಿವಿಯಿಂದ ಕೇಳಬೇಕು.