ಹೆಬ್ಬೆರಳು ಅಳಿಸಿದ ಭಾವಚಿತ್ರ

ಡೊರೊತಿಯಾ ಲ್ಯಾಂಗ್ 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಬಳಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ತೆಗೆದ ‘ಮೈಗ್ರಂಟ್ ಮದರ್’ ಎರಡು ಬಾರಿ ತಿದ್ದುಪಡಿ ಕಂಡ ಭಾವಚಿತ್ರ. ಮೊದಲ ತಿದ್ದುಪಡಿ ಕ್ಯಾಮೆರಾ ಕೈಯಲ್ಲಿದ್ದಾಗಲೇ ನಡೆಯಿತು. ಎರಡನೆಯದು ಸುಮಾರು ಮೂರು ವರ್ಷಗಳ ಮೇಲೆ, ನೆಗೆಟಿವ್‌ನಲ್ಲಿ. ಚಿತ್ರವನ್ನು ಎತ್ತಿ ನಿಲ್ಲಿಸಿದ್ದು ಮೊದಲನೆಯದೇ.

ಬೆಳೆ ಹಿಮಕ್ಕೆ ಸಿಕ್ಕಿ ಹಾಳಾಗಿ ಬಿಡಾರದವರಿಗೆ ಕೂಲಿ ತಪ್ಪಿತ್ತು. ಸರ್ಕಾರದ ಪುನರ್ವಸತಿ ಇಲಾಖೆಗೆ ಛಾಯಾಗ್ರಹಣ ಮಾಡುತ್ತಿದ್ದ ಲ್ಯಾಂಗ್, ಗ್ರಾಫ್ಲೆಕ್ಸ್ ಕ್ಯಾಮೆರಾದಲ್ಲಿ ಅಲ್ಲಿನ ಒಬ್ಬ ತಾಯಿ ಮತ್ತು ಆಕೆಯ ಮಕ್ಕಳ ಬೆರಳೆಣಿಕೆಯ ಚಿತ್ರಗಳನ್ನಷ್ಟೇ ತೆಗೆದರು. ದೂರದ ಚಿತ್ರದಲ್ಲಿ ಡೇರೆಯೇ ಮುಖ್ಯ. ಕುರ್ಚಿಯಲ್ಲಿ ಕುಳಿತ ಹರೆಯದ ಮಗಳು, ಸಾಮಾನು, ಸುತ್ತಲ ಬಯಲು ಎಲ್ಲವೂ ಕಾಣುತ್ತವೆ. ತಾಯಿ ಅವುಗಳ ನಡುವೆ ಒಬ್ಬಳು. ಮೊದಲ ತಿದ್ದುಪಡಿ ನಡೆದದ್ದು ಇಲ್ಲೇ: ಕ್ಯಾಮೆರಾ ಹತ್ತಿರ ಸರಿದಂತೆ ಬಯಲು ಹೋಯಿತು, ಸಾಮಾನು ಹೋಯಿತು, ದೊಡ್ಡ ಮಗಳೂ ಚೌಕಟ್ಟಿನಿಂದ ಹೊರಗುಳಿದಳು. ಪ್ರಸಿದ್ಧವಾದ ಚಿತ್ರದಲ್ಲಿ ಚೌಕಟ್ಟು ನೆಟ್ಟಗೆ ನಿಂತಿದೆ. ಇಬ್ಬರು ಮಕ್ಕಳು ಮುಖ ಆಚೆ ತಿರುಗಿಸಿ ತಾಯಿಯ ಭುಜಗಳಿಗೆ ಒರಗಿದ್ದಾರೆ, ಮಡಿಲಲ್ಲಿ ಕೂಸು. ಮಕ್ಕಳ ಮುಖ ಮರೆಯಾಗಿರುವುದರಲ್ಲೇ ಈ ಚಿತ್ರದ ಜಾಣ್ಮೆ ಇದೆ. ಅವರು ಕ್ಯಾಮೆರಾ ಕಡೆ ನೋಡಿದ್ದರೆ ನೋಟ ಹಂಚಿಹೋಗುತ್ತಿತ್ತು. ಭಾವಚಿತ್ರಗಾರರಿಗೆ ಸದಾ ತಲೆನೋವಾಗುವ ಕೈ ಕೂಡ ಇಲ್ಲಿ ಕೆಲಸಕ್ಕೆ ಬಂದಿದೆ: ಮಡಿಲಿನಿಂದ ಮೇಲೆದ್ದ ಮುಂಗೈ ಕಣ್ಣನ್ನು ಸೀದಾ ಮುಖಕ್ಕೆ ಒಯ್ಯುತ್ತದೆ.

ಎರಡನೆಯ ತಿದ್ದುಪಡಿಯ ಗುರಿ ಕೆಳಗಿನ ಬಲ ಮೂಲೆ. ಡೇರೆಯ ಕಂಬ ಹಿಡಿದ ಹೆಬ್ಬೆರಳೊಂದು ಅಲ್ಲಿ ಇಣುಕುತ್ತಿತ್ತು. ಅದು ಲ್ಯಾಂಗ್ ಕಣ್ಣಿಗೆ ಚುಚ್ಚುತ್ತಿದ್ದುದರಿಂದ 1939ರ ಹೊತ್ತಿಗೆ ರೀಟಚ್ ಮಾಡಿಸಿದರು. ದಾಖಲೆಯ ಚಿತ್ರವನ್ನು ತಿದ್ದಬಾರದೆಂಬ ನಿಲುವಿನ ರಾಯ್ ಸ್ಟ್ರೈಕರ್, ಸರ್ಕಾರದ ಆ ಛಾಯಾಗ್ರಹಣ ಯೋಜನೆಯ ಮುಖ್ಯಸ್ಥ, ಇದನ್ನು ಒಪ್ಪಲಿಲ್ಲ. ಸ್ಟ್ರೈಕರ್ ವಾದದಲ್ಲಿ ಹುರುಳಿದೆ. ಆದರೆ ಹೆಬ್ಬೆರಳಿದ್ದರೂ ಹೋದರೂ ಮುಖದ ಬಲ ಎಳ್ಳಷ್ಟೂ ಬದಲಾಗುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಮಾತು. ಭಾವಚಿತ್ರದ ಬಗ್ಗೆ ಅಭಿಪ್ರಾಯ ಕೇಳಿದಾಗ ಸಿಗುವ ಸಲಹೆಗಳಲ್ಲಿ ಬಹುಪಾಲು ಇಂಥ ಹೆಬ್ಬೆರಳಿನವೇ: ಅಂಚಿನ ಕಲೆ ಅಳಿಸಿ, ಹಿನ್ನೆಲೆ ಮಸುಕು ಮಾಡಿ, ಚರ್ಮ ನುಣುಪಾಗಿಸಿ. ಅವು ಸುಲಭಕ್ಕೆ ಕಣ್ಣಿಗೆ ಬೀಳುತ್ತವೆ, ಹೇಳಲೂ ಸುಲಭ. ಕ್ಯಾಮೆರಾ ಎಲ್ಲಿ ನಿಂತಿತ್ತು, ಬೆಳಕು ಯಾವ ಕಡೆಯದು, ಕೂತವರ ನೋಟ ಯಾರ ಕಡೆಗಿತ್ತು ಎಂದು ಕೇಳುವವರು ವಿರಳ.

ಯಾವ ರೀಟಚ್ಚಿಗೂ ನಿಲುಕದ ಕುಂದೂ ಈ ಚಿತ್ರಕ್ಕಿದೆ. ಲ್ಯಾಂಗ್ ಆ ಹೆಣ್ಣಿನ ಹೆಸರು ಕೇಳಿಕೊಳ್ಳಲಿಲ್ಲ. ಕಾರಿನ ಟೈರು ಮಾರಿ ಅನ್ನ ಕೊಂಡಿದ್ದರೆಂಬ ಲ್ಯಾಂಗ್ ಹೇಳಿಕೆಯನ್ನು ಕುಟುಂಬದವರು ಮುಂದೆ ಅಲ್ಲಗಳೆದರು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಈ ಚಿತ್ರದಿಂದ ತನಗೆ ಬಿಡಿಗಾಸೂ ಬರಲಿಲ್ಲವೆಂದು ಆಕೆ ನೊಂದುಕೊಂಡಿದ್ದರು. ಹಾಗಾಗಿ ಭಾವಚಿತ್ರ ತಿದ್ದಹೊರಟವರು ಒಪ್ಪವಾದ ಒಂದೇ ಪ್ರತಿಯನ್ನು ತೋರಿಸಿ ಅಭಿಪ್ರಾಯ ಕೇಳಬಾರದು. ಅದರ ಹಿಂದಿನ ವಿಫಲ ಚಿತ್ರಗಳನ್ನೂ ಮುಂದಿಡಬೇಕು, ಸಾಧ್ಯವಾದರೆ ಚಿತ್ರದಲ್ಲಿರುವವರಿಗೂ ತೋರಿಸಬೇಕು.